ಜಾರುಬಂಡೆಯ ಬಂಡೆ ಎಲ್ಲಿ ಹೋಯಿತು?

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಐದು ವರ್ಷ. ಎರಡು ರಸ್ತೆ ಆಚೆ ಪಾರ್ಕನ್ನು ಹೊಸದಾಗಿ ಮಾಡಿದ್ದಾರೆ, ಸ್ವಲ್ಪ ಹೊತ್ತು ಕರೆದುಕೊಂಡು ಹೋಗಿ ಬಾ ಎಂದಳು ಅಕ್ಕ. ಹೋದೆವು. ಕೆಂಪು, ಹಳದಿ ಬಣ್ಣದ ಪ್ಲಾಸ್ಟಿಕ್ ಜಾರುಬಂಡೆ, ಎರಡು ಉಯ್ಯಾಲೆ, ಒಂದು ಸೀಸಾ, ಕೆಳಗೆ ರಬ್ಬರ್ ಹಾಸು. ಹುಡುಗ ಆರು ಸಲ ಜಾರಿದ, ನಾನು ಎಣಿಸುತ್ತಿದ್ದೆ. ಏಳನೇ ಸಲ ಮೇಲೆ ಹತ್ತಿದವನು ಜಾರಲಿಲ್ಲ. ಅಲ್ಲೇ ನಿಂತು ಕಾಂಪೌಂಡಿನ ಆಚೆ ನೋಡಿ, ‘ಚಿಕ್ಕೀ, ಅಲ್ಲಿಗೆ ಹೋಗೋಣ’ ಎಂದ.

ಅಲ್ಲಿ ಎಂದರೆ ಎದುರಿನ ಸೈಟಿನಲ್ಲಿ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿ. ಕಟ್ಟಡ ಕೆಲಸದವರ ಇಬ್ಬರು ಮಕ್ಕಳು ಆಗಲೇ ಅದರಲ್ಲಿ ಸುರಂಗ ಕೊರೆಯುತ್ತಿದ್ದರು. ನಮ್ಮವನು ಹೋಗಿ ಕುಳಿತ. ಹೆಸರು ಕೇಳಲಿಲ್ಲ, ಭಾಷೆಯೂ ಒಂದೇ ಆಗಿರಲಿಲ್ಲ. ಮುಕ್ಕಾಲು ಗಂಟೆ ತಲೆ ಎತ್ತಲಿಲ್ಲ. ಅದು ಆಟಕ್ಕೆ ಹೇಳಿ ಮಾಡಿಸಿದ ಮರಳೇನೂ ಅಲ್ಲ. ಕ್ರಷರ್‌ನಿಂದ ಬಂದ ಎಂ-ಸ್ಯಾಂಡ್, ಕಣಗಳು ಚೂಪು, ಕಲ್ಲಿನ ಪುಡಿ ಬೆರೆತಿರುತ್ತದೆ. ಪಕ್ಕದಲ್ಲಿ ಕಬ್ಬಿಣದ ಸರಳಿನ ತುಂಡುಗಳು ಬಿದ್ದಿದ್ದವು. ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಸೈಟಿನಲ್ಲಿ ಏನೇನು ಅಪಾಯ ಇರುತ್ತದೆ ಎಂಬ ಪಟ್ಟಿ ಪರೀಕ್ಷೆಗೆ ಬರೆದಿದ್ದೇನೆ. ಆದರೂ ಅವನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕಾವಲು ಕುಳಿತೆ.

ಲಕ್ಷಗಟ್ಟಲೆ ಖರ್ಚು ಮಾಡಿದ ಪಾರ್ಕು ಹತ್ತು ನಿಮಿಷ ಹಿಡಿದಿಡಲಾಗದ ಹುಡುಗನನ್ನು ಒಂದು ಲೋಡು ಮರಳು ಹೇಗೆ ಹಿಡಿದಿಟ್ಟಿತು? ಕಳೆದ ರಜೆಯಲ್ಲಿ ನಾನು ಇಂಟರ್ನ್‌ಶಿಪ್ ಮಾಡಿದ್ದು ಇಂಥದ್ದೇ ಒಂದು ಪಾರ್ಕಿನ ನವೀಕರಣದ ಕೆಲಸದಲ್ಲಿ. ಹಾಗಾಗಿ ಈ ಪ್ರಶ್ನೆ ನನಗೆ ಸ್ವಲ್ಪ ಹೆಚ್ಚಾಗಿಯೇ ಚುಚ್ಚಿತು.

ಮೊದಲು ಊರಿನ ಮಾತು. ನಮ್ಮದು ತಿಪಟೂರು ಕಡೆಯ ಹಳ್ಳಿ. ಊರ ಹೊರಗೆ ಒಂದು ಇಳಿಜಾರಾದ ಕರಿಬಂಡೆ ಇದೆ. ಅಡಿಕೆ ಹಾಳೆಯ ಮೇಲೆ ಕುಳಿತು ಅದರ ಮೇಲಿಂದ ಜಾರುತ್ತಿದ್ದೆವು. ಹಾಳೆ ಸಿಗದ ದಿನ ಲಂಗ ಹರಿಯುತ್ತಿತ್ತು, ಸಂಜೆ ಅಜ್ಜಿಯಿಂದ ‘ಗಂಡುಬೀರಿ’ ಎಂಬ ಬಿರುದು ಸಿಗುತ್ತಿತ್ತು. ನಾವು ಅದನ್ನು ಜಾರುಬಂಡೆ ಎಂದೇ ಕರೆಯುತ್ತಿದ್ದೆವು. ಹೈಸ್ಕೂಲಿಗೆ ತಿಪಟೂರಿಗೆ ಬಂದಾಗ ತಗಡಿನ ಏಣಿಗೂ ಅದೇ ಹೆಸರು ಎಂದು ತಿಳಿದು ನಗು ಬಂದಿತ್ತು. ಈಗ ಯೋಚಿಸಿದರೆ ಪದದೊಳಗೇ ಎಲ್ಲವೂ ಇದೆ. ಜಾರುವ ಆಟ ಬಂಡೆಯಿಂದ ಬಂದದ್ದು. ಬಂಡೆ ಹೋಯಿತು, ಹೆಸರು ಮಾತ್ರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಉಳಿಯಿತು. ಮರಕೋತಿ ಆಟದ ಕಥೆಯೂ ಅಷ್ಟೆ. ಹತ್ತಬಹುದಾದ ಒಂದು ಮರ ಇಲ್ಲದಿದ್ದರೆ ಆ ಆಟವೇ ಇಲ್ಲ. ಬೆಂಗಳೂರಿನ ಎಷ್ಟೋ ಪಾರ್ಕುಗಳಲ್ಲಿ ಮರಗಳಿವೆ, ಆದರೆ ಸುತ್ತ ಕಟ್ಟೆ, ಕಟ್ಟೆಯ ಮೇಲೆ ‘ಮರ ಹತ್ತಬಾರದು’ ಎಂಬ ಫಲಕ.

ಹಳ್ಳಿಯೇ ಸ್ವರ್ಗ ಎಂದು ಹೇಳಲು ಹೊರಟಿಲ್ಲ. ನಮ್ಮ ಶಾಲೆಯ ಹುಡುಗನೊಬ್ಬ ಹುಣಸೆ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡ, ಅದು ಇವತ್ತಿಗೂ ಪೂರ್ತಿ ನೇರವಾಗುವುದಿಲ್ಲ. ನಾನು ಹೇಳುತ್ತಿರುವುದು ಬೇರೆ. ಬಂಡೆ, ಮಣ್ಣು, ನೀರು, ಮರ, ಒಣಗಿದ ಗರಿ ಇವನ್ನೆಲ್ಲ ಆಟದ ಸಾಮಾನೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೇಳಿಕೊಡಬೇಕಾಗಿರುವುದು ಪಾರ್ಕು ಕಟ್ಟುವ ನಮಗೆ.

ಇಂಟರ್ನ್‌ಶಿಪ್ಪಿನ ಎರಡನೇ ವಾರ ಸೈಟ್ ಎಂಜಿನಿಯರ್ ಒಂದು ಕೆಲಸ ಕೊಟ್ಟರು: ಮಕ್ಕಳ ಆಟದ ಜಾಗದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಬಿಡಿಸಿಕೊಡು. ನಾನು ಬಿಡಿಸಿದ್ದರ ಜೊತೆಗೆ ಹುರುಪಿನಲ್ಲಿ ಇನ್ನೊಂದು ನಕ್ಷೆಯನ್ನೂ ಮಾಡಿದೆ. ಅದರಲ್ಲಿ ಒಂದು ಮಣ್ಣಿನ ದಿಬ್ಬ, ಅದರ ಬೆನ್ನಿಗೆ ಹುದುಗಿಸಿದ ಜಾರುಪಟ್ಟಿ, ಒಂದು ಮರಳಿನ ಗುಂಡಿ, ಬಿದ್ದ ಮರದ ಎರಡು ದಿಮ್ಮಿ ಇದ್ದವು. ಅವರು ಕೆಟ್ಟವರಲ್ಲ. ಕನ್ನಡಕ ಮೇಲಕ್ಕೇರಿಸಿ ಎರಡು ನಿಮಿಷ ನೋಡಿ, ‘ಚೆನ್ನಾಗಿದೆಯಮ್ಮ. ಆದ್ರೆ ಇದನ್ನ ಎಂಬೀಲಿ ಹೆಂಗ್ ಬರೀಲಿ?’ ಎಂದರು.

ಸಿವಿಲ್ ಅಲ್ಲದ ಗೆಳೆಯರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರಿ ಕಾಮಗಾರಿ ಎಂದರೆ ಮೊದಲು ಎಸ್ಟಿಮೇಟ್. ಎಸ್ಟಿಮೇಟಿನ ಒಂದೊಂದು ಸಾಲಿಗೂ ದರ ಬರುವುದು ಎಸ್‌ಆರ್‌ನಿಂದ, ಅಂದರೆ ಇಲಾಖೆಯ ದರಪಟ್ಟಿಯಿಂದ. ಪೇವರ್ ಕಲ್ಲು ಚದರ ಮೀಟರಿಗೆ ಇಷ್ಟು, ಗ್ರಿಲ್ ಕೆ.ಜಿ.ಗೆ ಇಷ್ಟು. ಆಟದ ಉಪಕರಣ ದರಪಟ್ಟಿಯಲ್ಲಿ ಸಿಗದಿದ್ದರೆ ಕಂಪನಿಗಳ ಕೊಟೇಶನ್ ಪಡೆದು ಒಂದಕ್ಕೆ ಇಷ್ಟು ಎಂದು ಹಾಕುತ್ತಾರೆ. ಕೆಲಸ ಆದ ಮೇಲೆ ಅಳತೆ ಮಾಡಿ ಎಂಬಿಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ ಬರೆಯಬೇಕು. ಬರೆದಷ್ಟಕ್ಕೆ ಬಿಲ್ಲು. ನಾಳೆ ತನಿಖೆಗೆ ಯಾರಾದರೂ ಬಂದರೆ ಬರೆದದ್ದು ಅಲ್ಲಿ ಇರಬೇಕು. ‘ಉಯ್ಯಾಲೆ ಎರಡು ಅಂತ ಬರೆದ್ರೆ ಎರಡು ವರ್ಷ ಆದ್ಮೇಲೂ ಎರಡಿರುತ್ತೆ. ನಿನ್ನ ದಿಬ್ಬ ಎರಡು ಮಳೆಗಾಲಕ್ಕೆ ಕಾಲುಭಾಗ ಕರಗಿರುತ್ತೆ. ಉಳಿದ ಮಣ್ಣು ಎಲ್ಲಿ ಅಂತ ನನ್ನ ಕೇಳ್ತಾರೆ’ ಎಂದರು ಅವರು. ಅವರ ಮಾತಿನಲ್ಲಿ ತಪ್ಪು ಹುಡುಕಲು ಹೋಗಿ ಸೋತೆ. ದಿಬ್ಬಕ್ಕೆ ದರ ಇಲ್ಲವೆಂದಲ್ಲ, ಮಣ್ಣು ತುಂಬುವುದಕ್ಕೆ ಘನ ಮೀಟರ್ ಲೆಕ್ಕದ ದರ ಇದ್ದೇ ಇದೆ. ಆದರೆ ವರ್ಷಕ್ಕೊಮ್ಮೆ ನಾಲ್ಕು ಬುಟ್ಟಿ ಮಣ್ಣು ಹಾಕುವ, ಮರಳು ಜಾಲಿಸುವ, ಹುಳ ಬಿದ್ದ ದಿಮ್ಮಿ ಬದಲಿಸುವ ಕೆಲಸಕ್ಕೆ ಎಸ್ಟಿಮೇಟಿನಲ್ಲಿ ಜಾಗ ಇಲ್ಲ. ಮಕ್ಕಳು ಕಾಲಿನಲ್ಲಿ ತುಳಿದು, ಕೈಯಲ್ಲಿ ಅಗೆದು ಆಕಾರ ಬದಲಿಸುವ ಜಾಗಕ್ಕಂತೂ ಇಲ್ಲವೇ ಇಲ್ಲ. ನಮ್ಮ ಪಾರ್ಕುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದು ಯಾರಿಗೋ ಕಲ್ಪನೆ ಇಲ್ಲ ಎಂಬ ಕಾರಣಕ್ಕಲ್ಲ. ಎಣಿಸಲು ಬರುವುದನ್ನು ಮಾತ್ರ ಕಟ್ಟುವ ಪದ್ಧತಿ ನಮ್ಮದು. ಉದ್ಘಾಟನೆಯ ಫೋಟೊದಲ್ಲಿಯೂ ಮಣ್ಣಿಗಿಂತ ಹಳದಿ ಪ್ಲಾಸ್ಟಿಕ್ಕೇ ಚೆನ್ನಾಗಿ ಬರುತ್ತದೆ ಅನ್ನಿ.

ಮಣ್ಣು, ಮರ, ದಿಮ್ಮಿ ಅಪಾಯ, ಮಾರುಕಟ್ಟೆಯ ಉಪಕರಣ ಸುರಕ್ಷಿತ ಎಂಬ ನಂಬಿಕೆಯೂ ಇದಕ್ಕೆ ಸೇರಿಕೊಂಡಿದೆ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಪಾರ್ಕೊಂದರಲ್ಲಿ ಆಡಲು ಹೋದ ಬಾಲಕನೊಬ್ಬ ಸತ್ತದ್ದು ಮರದಿಂದ ಬಿದ್ದಲ್ಲ. ಅವನ ಮೇಲೆ ಬಿದ್ದದ್ದು ಪಾರ್ಕಿನ ಕಬ್ಬಿಣದ ಗೇಟು. ನಾನು ಸುದ್ದಿ ಓದಿದ ದಿನ ನಮ್ಮ ಹಾಸ್ಟೆಲಿನಲ್ಲಿ ಸಿವಿಲ್‌ನವರೆಲ್ಲ ಆ ಗೇಟಿನ ಬಗ್ಗೆಯೇ ಮಾತಾಡಿದ್ದೆವು.

ಬೀಳುವುದರ ಲೆಕ್ಕವನ್ನು ಪಿಯುಸಿ ಭೌತಶಾಸ್ತ್ರದಲ್ಲೇ ಮಾಡಬಹುದು. ಎರಡು ಮೀಟರ್ ಎತ್ತರದಿಂದ ಬಿದ್ದ ಮಗು ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 22 ಕಿ.ಮೀ. ಪೆಟ್ಟು ಎಷ್ಟು ಎಂಬುದು ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದರ ಮೇಲೆ ನಿಂತಿದೆ. ಒಂದೇ ಸೆಂ.ಮೀ. ಒಳಗೆ ನಿಂತರೆ ಸರಾಸರಿ ಆಘಾತ ಗುರುತ್ವದ 200 ಪಟ್ಟು. ಸಡಿಲ ಮರಳಿನಲ್ಲಿ 10 ಸೆಂ.ಮೀ. ಹೂತು ನಿಂತರೆ 20 ಪಟ್ಟು. ಅಮೆರಿಕ ಮತ್ತು ಯುರೋಪಿನ ಆಟದ ನೆಲದ ಮಾನದಂಡಗಳಲ್ಲಿ ತಲೆಗೆ ತಾಗುವ ಆಘಾತಕ್ಕೆ ಇಟ್ಟಿರುವ ಮೇಲ್ಮಿತಿಯೂ ಈ 200ರದ್ದೇ. ರಬ್ಬರ್ ಹಾಸು ಕೆಟ್ಟದ್ದಲ್ಲ. ಸಾಕಷ್ಟು ದಪ್ಪ ಇದ್ದರೆ ಅದೂ ಕಾಪಾಡುತ್ತದೆ. ಆದರೆ ಕಾಂಕ್ರೀಟಿನ ಮೇಲೆ ತೆಳ್ಳಗೆ ಅಂಟಿಸಿದ ಹಾಸು ನೋಡುವವರ ಕಣ್ಣಿಗೆ ಮಾತ್ರ ಮೆತ್ತಗೆ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟವರಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ. ದಿಬ್ಬದ ಗುಣವೇ ಬೇರೆ. ಎತ್ತರ ಒಂದೂಕಾಲು ಮೀಟರ್ ಇದ್ದರೂ ಕಾಲಡಿಯಲ್ಲಿ ಇಳಿಜಾರು ಜೊತೆಗೇ ಇಳಿಯುವುದರಿಂದ ಮಗು ಬೀಳುವುದಿಲ್ಲ, ಉರುಳುತ್ತದೆ. ಅದರ ಬೆನ್ನಿಗೇ ಜಾರುಪಟ್ಟಿ ಹುದುಗಿಸಿದರೆ ಏಣಿಯೂ ಬೇಡ, ಏಣಿಯಿಂದ ಬೀಳುವ ಭಯವೂ ಇಲ್ಲ.

ಈ ಚರ್ಚೆ ಹೊಸದೇನಲ್ಲ. ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕಾರ ಸಿ. ಟಿ. ಸೊರೆನ್‌ಸನ್ ತಾನು ವಿನ್ಯಾಸ ಮಾಡಿದ ಆಟದ ಮೈದಾನಗಳನ್ನು ಬಿಟ್ಟು ಮಕ್ಕಳು ಕಟ್ಟಡದ ಸೈಟು, ಗುಜರಿ ರಾಶಿಗಳಲ್ಲಿ ಆಡುವುದನ್ನು ಗಮನಿಸಿದ್ದ. ನಮ್ಮ ಹುಡುಗ ಮೊನ್ನೆ ಮಾಡಿದ್ದೂ ಅದನ್ನೇ ಅಲ್ಲವೇ! ಸೊರೆನ್‌ಸನ್ ಯೋಚನೆಯಂತೆ 1943ರಲ್ಲಿ, ಜರ್ಮನಿಯ ಸೇನೆ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲೇ, ಕೋಪನ್‌ಹೇಗನ್ನಿನ ಎಮ್ಡ್ರುಪ್‌ನಲ್ಲಿ ಮಣ್ಣು, ಹಲಗೆ, ಹಳೆ ಸಾಮಾನುಗಳ ಆಟದ ಜಾಗ ಶುರುವಾಯಿತು. ಯುದ್ಧ ಮುಗಿದ ಮೇಲೆ ಅದನ್ನು ನೋಡಿಬಂದ ಬ್ರಿಟನ್ನಿನ ಲೇಡಿ ಅಲೆನ್, ಬಾಂಬಿಗೆ ಕುಸಿದ ಖಾಲಿ ಜಾಗಗಳಲ್ಲಿ ಅಂಥ ಮೈದಾನ ಬೇಕು ಎಂದು ಪಟ್ಟು ಹಿಡಿದರು. 1971ರಲ್ಲಿ ಸೈಮನ್ ನಿಕೋಲ್ಸನ್ ಎಂಬ ಕಲಾವಿದ ಇನ್ನೊಂದು ಮಾತು ಸೇರಿಸಿದ: ಒಂದು ಜಾಗದಲ್ಲಿ ಎತ್ತಿ, ಸರಿಸಿ, ಜೋಡಿಸಬಹುದಾದ ಬಿಡಿ ವಸ್ತುಗಳು ಎಷ್ಟು ಹೆಚ್ಚಿರುತ್ತವೋ ಮಕ್ಕಳ ಕಲ್ಪನೆ ಅಷ್ಟು ಓಡುತ್ತದೆ. ಅಡಿಕೆ ಹಾಳೆ ಬಂಡಿಯೂ ಆಗುತ್ತದೆ, ಬೀಸಣಿಗೆಯೂ ಆಗುತ್ತದೆ ಎಂದು ಮಲೆನಾಡಿನ ಯಾವ ಮಗುವಾದರೂ ಅವನಿಗೆ ಹೇಳುತ್ತಿತ್ತು.

ಅಧ್ಯಯನಗಳೂ ಇವೆ. ನಾರ್ವೆಯ ಇಂಗುನ್ ಫ್ಯೋರ್ಟಾಫ್ಟ್ ಶಿಶುವಿಹಾರದ ಮಕ್ಕಳನ್ನು ಗಮನಿಸಿ 2001ರಲ್ಲಿ ಬರೆದ ಪ್ರಕಾರ, ಪಕ್ಕದ ಕಾಡಿನಲ್ಲಿ ದಿನವೂ ಆಡಿದವರ ಸಮತೋಲನ ಮತ್ತು ಅಂಗಾಂಗಗಳ ಹೊಂದಾಣಿಕೆ ಮಾಮೂಲಿ ಅಂಗಳದಲ್ಲಿ ಆಡಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಫಿನ್‌ಲೆಂಡಿನದು ಇನ್ನೂ ಸ್ವಾರಸ್ಯದ್ದು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 10 ಶಿಶುಪಾಲನಾ ಕೇಂದ್ರಗಳ 75 ಮಕ್ಕಳಿದ್ದರು. ಕೆಲವು ಕೇಂದ್ರಗಳ ಜಲ್ಲಿಯ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲುಹಾಸು ತಂದು ಹಾಸಿದರು. 28 ದಿನ ಅಲ್ಲಿ ಆಡಿದ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು, ರೋಗನಿರೋಧಕ ವ್ಯವಸ್ಥೆ ಹದದಲ್ಲಿದೆ ಎಂದು ತೋರಿಸುವ ಸೂಚಕಗಳು ರಕ್ತದಲ್ಲಿ ಕಂಡವು. 75 ಮಕ್ಕಳು ದೊಡ್ಡ ಸಂಖ್ಯೆಯಲ್ಲ, ನಮ್ಮ ಮಣ್ಣು ಫಿನ್‌ಲೆಂಡಿನ ಮಣ್ಣೂ ಅಲ್ಲ. ಆದರೆ ಮಣ್ಣು ಮುಟ್ಟಿದ ಕೂಡಲೇ ಸ್ಯಾನಿಟೈಸರ್ ಹುಡುಕುವ ಅಕ್ಕನಿಗೆ ಅದನ್ನು ಓದಿ ಹೇಳುವಷ್ಟು ಧೈರ್ಯ ನನಗೆ ಬಂತು.

ಅಕ್ಕ ಸುಮ್ಮನೆ ಒಪ್ಪುವವಳಲ್ಲ. ಹಾವು ಬಂದರೆ? ನೀರು ನಿಂತು ಡೆಂಗಿ ಬಂದರೆ? ಮರಳಿನಲ್ಲಿ ಬೀದಿನಾಯಿ ಗಲೀಜು ಮಾಡಿದರೆ? ಮೂರೂ ನ್ಯಾಯವಾದ ಪ್ರಶ್ನೆ. ನೀರಿನದು ಸುಲಭ. ಡೆಂಗಿ ಸೊಳ್ಳೆಯ ಮೊಟ್ಟೆ ಬೆಳೆದು ಹಾರಲು ಒಂದು ವಾರದಷ್ಟು ನಿಂತ ನೀರು ಬೇಕು. ಮಗು ಕೈಪಂಪು ಒತ್ತಿದಾಗ ಹರಿದು, ಜಲ್ಲಿಯ ಪದರದಲ್ಲಿ ಇಂಗಿಹೋಗುವ ಕಾಲುವೆಯಲ್ಲಿ ಅದಕ್ಕೆ ಅವಕಾಶ ಇಲ್ಲ. ಮರಳಿಗೆ ರಾತ್ರಿ ಬಲೆ ಹೊದಿಸಬೇಕು, ವಾರಕ್ಕೊಮ್ಮೆ ತಿರುವಿ ಹಾಕಬೇಕು, ಅಂದರೆ ಒಬ್ಬ ಮನುಷ್ಯ ಬೇಕು. ಹಾವಿಗೆ ಕಸ ಮತ್ತು ಇಲಿ ಇಲ್ಲದಂತೆ ನೋಡಿಕೊಳ್ಳುವುದಕ್ಕಿಂತ ದೊಡ್ಡ ಉಪಾಯ ನನಗೆ ಗೊತ್ತಿಲ್ಲ. ಅಕ್ಕ ಕೇಳದ ಒಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ: ಗಾಲಿಕುರ್ಚಿಯಲ್ಲಿರುವ ಮಗು ಮರಳಿನ ಗುಂಡಿಗೆ ಹೇಗೆ ಹೋಗಬೇಕು? ಈ ವಿಷಯದಲ್ಲಿ ರಬ್ಬರ್ ಹಾಸೇ ಮೇಲು. ಮರಳನ್ನು ಮೇಜಿನ ಎತ್ತರದ ತೊಟ್ಟಿಯಲ್ಲೂ ಇಡಬಹುದು, ದಿಬ್ಬಕ್ಕೆ ಒಂದು ಕಡೆ ಸೌಮ್ಯ ಇಳಿಜಾರಿನ ದಾರಿ ಮಾಡಬಹುದು. ಆಗ ದಿಬ್ಬ ದೊಡ್ಡದಾಗುತ್ತದೆ, ಜಾಗ ಹೆಚ್ಚು ಬೇಕಾಗುತ್ತದೆ. ಇದು ನಿಜವಾದ ಕಷ್ಟ.

ಜಾಗ ಎಂದಾಗ ಕಾನೂನಿನ ಮಾತು ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಗಮನಿಸಬೇಕಾದ ಭಾಗ ಇದು. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ದೇಶದಾದ್ಯಂತ ಇಂದಿಗೂ ಉಲ್ಲೇಖವಾಗುವ ತೀರ್ಪದು. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಎನ್ನುತ್ತದೆ. ಜಾಗ ಉಳಿಸಲು ಇಷ್ಟೆಲ್ಲ ಹೋರಾಟ ನಡೆದಿದೆ. ಉಳಿದ ಜಾಗದಲ್ಲಿ ಏನಿರಬೇಕು ಎಂಬುದು ಮಾತ್ರ ಯಾರ ಹೋರಾಟವೂ ಆಗದೆ ಎಸ್ಟಿಮೇಟ್ ಬರೆಯುವವರ ಮೇಜಿಗೆ ಬಿಟ್ಟಿದೆ. 2024ರಲ್ಲಿ ಬೆಂಗಳೂರಿನ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಸರ್ಕಾರ ಹೇಳಿದ್ದು ಒಳ್ಳೆಯದೇ. ಗೇಟು ತೆರೆದಿದೆ ನಿಜ, ಒಳಗೆ ಹೋದ ಮಗುವಿಗೆ ಏನಿದೆ? ವಾಕಿಂಗ್ ಪಥ ಇದೆ, ದೊಡ್ಡವರಿಗೆ ಓಪನ್ ಜಿಮ್ ಇದೆ. ‘ಚೆಂಡಾಟ ನಿಷೇಧ’ ಎಂಬ ಫಲಕವೂ ಇದೆ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಸಾವಿರಕ್ಕೂ ಹೆಚ್ಚು ಪಾರ್ಕುಗಳು ಇವುಗಳ ಪಾಲಿಗೆ ಹಂಚಿಹೋಗಿವೆ. ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಪಾಲಿಕೆಗೊಂದು ಪಾರ್ಕಿನಲ್ಲಿ ಒಂದು ಮೂಲೆ ಸಾಕು. ದರಪಟ್ಟಿಗೆ ‘ನೈಸರ್ಗಿಕ ಆಟದ ಅಂಗಳ’ ಎಂಬ ಒಂದು ಐಟಂ, ಅದರ ಜೊತೆಗೇ ಮೂರು ವರ್ಷದ ನಿರ್ವಹಣೆ. ವರ್ಷಕ್ಕೆ ಎಷ್ಟು ಮಣ್ಣು ಕರಗಬಹುದು ಎಂಬ ಸಹಜ ಸವಕಳಿಯನ್ನು ಮೊದಲೇ ಬರೆದಿಟ್ಟರೆ ಆ ಸೈಟ್ ಎಂಜಿನಿಯರಿಗೂ ಭಯ ಇರುವುದಿಲ್ಲ. ದಿಮ್ಮಿಗೆ ದುಡ್ಡು ಕೊಡಬೇಕಿಲ್ಲ. ಪ್ರತಿ ಮಳೆಗಾಲದಲ್ಲೂ ಬೆಂಗಳೂರಿನ ರಸ್ತೆಗಳಲ್ಲಿ ಮರಗಳು ಉರುಳುತ್ತಲೇ ಇರುತ್ತವೆ.

ಮಣ್ಣಿಗೂ ದುಡ್ಡು ಕೊಡಬೇಕಿಲ್ಲ ಎಂಬುದು ನನಗೆ ಗೊತ್ತಾದದ್ದು ಅದೇ ಇಂಟರ್ನ್‌ಶಿಪ್ಪಿನ ಕೊನೆಯಲ್ಲಿ. ಪೇವರ್ ಹಾಕಲು ಅಗೆದ ಮಣ್ಣನ್ನು ಪಾರ್ಕಿನ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದ್ದರು. ಟಿಪ್ಪರ್ ಸಿಗದೆ ಅದು ಹನ್ನೊಂದು ದಿನ ಅಲ್ಲೇ ಉಳಿಯಿತು. ಆರು ಮೀಟರ್ ಅಗಲ, ಒಂದೂಕಾಲು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರ, ಸುಮಾರು 18 ಘನ ಮೀಟರ್. ಎರಡನೇ ದಿನವೇ ಮಕ್ಕಳು ಬಂದರು. ನಾಲ್ಕನೇ ದಿನಕ್ಕೆ ಹತ್ತುವ ದಾರಿಯೊಂದು, ಇಳಿಯುವ ದಾರಿಯೊಂದು ತಾವಾಗಿಯೇ ಬಿದ್ದಿದ್ದವು. ಖಾಲಿ ಸಿಮೆಂಟ್ ಚೀಲದ ಮೇಲೆ ಕುಳಿತು ಜಾರುತ್ತಿದ್ದರು. ಗಿಡಕ್ಕೆ ನೀರು ಬಿಡುವ ಅಣ್ಣ ಪೈಪನ್ನು ಸ್ವಲ್ಪ ಹೊತ್ತು ಮರೆತವರಂತೆ ಅಲ್ಲೇ ಬಿಟ್ಟುಹೋಗುತ್ತಿದ್ದರು, ಕಾಲುವೆ, ಅಣೆಕಟ್ಟು ಎಲ್ಲ ಆಗುತ್ತಿತ್ತು. ಅಪಾರ್ಟ್‌ಮೆಂಟಿನ ಮಕ್ಕಳು, ಇಸ್ತ್ರಿ ಅಂಗಡಿಯವರ ಮಗಳು, ನಮ್ಮ ಕೂಲಿಯವರ ಮಕ್ಕಳು ಒಂದೇ ಅಣೆಕಟ್ಟಿಗೆ ಜಗಳವಾಡುತ್ತಿದ್ದರು. ಹತ್ತು ಹೆಜ್ಜೆ ಆಚೆ, ಪ್ಯಾಕಿಂಗ್ ಬಿಚ್ಚದ ಹೊಸ ಉಪಕರಣಗಳು ನಿಂತಿದ್ದವು.

ಹತ್ತನೇ ದಿನ ವಾಕಿಂಗ್ ಬರುವವರೊಬ್ಬರು ಧೂಳು ಎಂದು ಫೋಟೊ ಸಮೇತ ದೂರು ಕೊಟ್ಟರು. ಮರುದಿನ ಟಿಪ್ಪರ್ ಬಂತು. ‘ಮಿಕ್ಕ ಮಣ್ಣನ್ನು ಹೊರಕ್ಕೆ ಸಾಗಿಸುವುದು’ ಎಂಬುದಕ್ಕೆ ಎಸ್ಟಿಮೇಟಿನಲ್ಲಿ ಸಾಲು ಇದೆ, ದರವೂ ಇದೆ. ಅಂದರೆ ಆ ದಿಬ್ಬವನ್ನು ಉಳಿಸಿಕೊಳ್ಳಲು ಒಂದು ರೂಪಾಯಿಯೂ ಬೇಕಿರಲಿಲ್ಲ, ತೆಗೆಯಲು ಹಣ ಕೊಟ್ಟೆವು. ಎಂಬಿಗೆ ಬೇಕಾದ ಲೆಕ್ಕ ಗುರುತು ಹಾಕಿಕೊಳ್ಳುವ ಕೆಲಸ ಅವತ್ತು ನನ್ನದಾಗಿತ್ತು. ನಾಲ್ಕು ಲೋಡು ಎಂದು ನನ್ನ ಕೈಯಾರೆ ಬರೆದೆ. ಮಕ್ಕಳು ಸಾಲಾಗಿ ನಿಂತು ಟಿಪ್ಪರ್ ತುಂಬುವುದನ್ನೇ ನೋಡುತ್ತಿದ್ದರು. ಅವರಿಗೆ ಆ ಜೆಸಿಬಿಯೂ ಒಂದು ಆಟವೇ ಆಗಿತ್ತು, ಹಾಗಾಗಿ ಯಾರೂ ಅಳಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ವಿಷಯವಾಗಿ ಕೊಟ್ಟಿದ್ದೇನೆ. ಗೈಡ್ ಒಪ್ಪಿದ್ದಾರೆ, ಆದರೆ ಒಂದು ಷರತ್ತು: ಚಂದದ ನಕ್ಷೆ ಬೇಡ, ಎಸ್ಟಿಮೇಟ್ ಸಮೇತ ಬೇಕು, ಪ್ರತಿ ಸಾಲಿಗೂ ಘಟಕ ಮತ್ತು ದರ ಇರಬೇಕು. ಮರಳು, ದಿಬ್ಬ, ಕೈಪಂಪು, ಜಲ್ಲಿಯ ಪದರ ಇವೆಲ್ಲ ಮುಗಿದವು. ಸಿಕ್ಕಿಹಾಕಿಕೊಂಡಿರುವುದು ಹತ್ತಲು ಬಿಡುವ ಮರದ ಹತ್ತಿರ. ಅದನ್ನು ಸಂಖ್ಯೆಯಲ್ಲಿ ಬರೆಯಬೇಕೋ, ಮೀಟರಿನಲ್ಲೋ?